ಅಟ್ಟದ ಮೇಲಿದ್ದ ಹಳೇ ಕಂಪ್ಯೂಟರ್ ಆನ್ ಆಗ್ತಿಲ್ವಾ? ಗೋಡೆಯ ಸಾಕೆಟ್‌ನಿಂದ ಶುರು ಮಾಡಿ

ನಮ್ಮ ಕಾಕಾ ಹಳೇ ಬಾಗಲಕೋಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದರು. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಬಿಲ್ ಬುಕ್, ಇಂಥ ಕೆಲಸ. 2001ರಲ್ಲಿ ತಗೊಂಡ ಪೆಂಟಿಯಂ 3 ಕಂಪ್ಯೂಟರ್ ಇತ್ತು. 128 ಎಂಬಿ ರ‍್ಯಾಮ್, 20 ಜಿಬಿ ಹಾರ್ಡ್‌ಡಿಸ್ಕ್. ಆಲಮಟ್ಟಿಯ ಹಿನ್ನೀರು ಬರುತ್ತದೆ ಅಂತ ಮನೆಯವರೆಲ್ಲ ನವನಗರಕ್ಕೆ ಬಂದಾಗ ಅದೂ ಜೊತೆಗೆ ಬಂತು, ಇನ್ನೂ ಕೆಲವು ವರ್ಷ ದುಡಿಯಿತು, ಆಮೇಲೆ ಅಟ್ಟ ಸೇರಿತು. ಈ ಸಲ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಕೆಳಗಿಳಿಸಿದೆವು. ಕಾಕಾ ಅದರಲ್ಲಿ ನಮ್ಮೂರಿನ ಭಜನೆ ಪದಗಳನ್ನು ಟೈಪ್ ಮಾಡಿ ಇಟ್ಟಿದ್ದರು. ಹಾಡುತ್ತಿದ್ದ ಹಿರಿಯರಲ್ಲಿ ಈಗ ಬಹಳ ಜನ ಇಲ್ಲ. ಆ ಪದಗಳು ಬೇರೆ ಎಲ್ಲೂ ಬರೆದಿಟ್ಟಿಲ್ಲ.

"ತಮ್ಮಾ, ಬಟನ್ ಒತ್ತಿದ್ರ ಉಸಿರೇ ಇಲ್ಲ ನೋಡು" ಅಂತ ಕಾಕಾ ಫೋನ್ ಮಾಡಿದರು. ಒಬ್ಬ ರಿಪೇರಿಯವರು ನೋಡಿ, ಇದನ್ನ ಗುಜರಿಗೆ ಹಾಕ್ರಿ ಅಂದಿದ್ದರಂತೆ. ಗುಜರಿಗೆ ಹಾಕಲಿಲ್ಲ. ಮೂರು ದಿನ ಕೂತು ಒಂದೊಂದೇ ನೋಡುತ್ತಾ ಹೋದೆವು, ಎದ್ದು ಕೂತಿತು. ಆ ಮೂರು ದಿನ ಮಾಡಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ, ಯಾಕಂದರೆ ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಇರಬಹುದು ಅಲ್ವಾ.

ಒಂದು ಮಾತು ಮೊದಲೇ ಹೇಳುತ್ತೇನೆ. ಹತ್ತು ಹದಿನೈದು ವರ್ಷ ಸುಮ್ನೆ ಕೂತಿದ್ದ ಮಷಿನ್ ಅನ್ನು ಕೆಳಗಿಳಿಸಿದ ಕೂಡಲೇ ಪ್ಲಗ್ ಹಾಕಿ ಬಟನ್ ಒತ್ತಬೇಡಿ. ಎಲ್ಲರೂ ಮೊದಲು ಮಾಡುವುದು ಅದನ್ನೇ. ಚಿಕ್ಕ ದೋಷ ದೊಡ್ಡದಾಗುವುದೂ ಆವಾಗಲೇ. ಈಗಾಗಲೇ ಒತ್ತಿದ್ದರೆ ಇರಲಿ, ಇನ್ನೊಮ್ಮೆ ಒತ್ತಬೇಡಿ. ಪ್ಲಗ್ ಕಿತ್ತು ಪಕ್ಕಕ್ಕೆ ಇಡಿ.

ಮೊದಲು ಹಾರ್ಡ್‌ಡಿಸ್ಕ್ ಬಿಡಿಸಿ

ನಿಮಗೆ ಬೇಕಾಗಿರುವುದು ಡಬ್ಬಿಯೋ, ಅದರೊಳಗಿನ ಕಡತವೋ? ಕಡತ ಬೇಕು ಅಂದರೆ ಮಿಕ್ಕ ಕೆಲಸಕ್ಕೆ ಕೈ ಹಾಕುವ ಮೊದಲು ಕ್ಯಾಬಿನೆಟ್ ಬಿಚ್ಚಿ ಹಾರ್ಡ್‌ಡಿಸ್ಕ್‌ಗೆ ಹೋಗುವ ಎರಡೂ ಕೇಬಲ್ ತೆಗೆಯಿರಿ, ಅಗಲವಾದ ಪಟ್ಟಿ ಕೇಬಲ್ ಒಂದು, ನಾಲ್ಕು ವೈರಿನ ಪವರ್ ಕೇಬಲ್ ಇನ್ನೊಂದು. ಸ್ಕ್ರೂ ಬಿಚ್ಚಿ ಡಿಸ್ಕನ್ನೇ ಹೊರಗೆ ತೆಗೆದು, ಒಣ ಬಟ್ಟೆಯಲ್ಲಿ ಸುತ್ತಿ, ಕಪಾಟಿನಲ್ಲಿ ಇಟ್ಟುಬಿಡಿ. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಕಡಿಮೆ ವೋಲ್ಟ್‌ಗೆ ಇಳಿಸಿ ಕೊಡುವ ಡಬ್ಬಿ. ಕೆಟ್ಟ ಎಸ್‌ಎಂಪಿಎಸ್ ಒಂದು ಸಲ ಹೆಚ್ಚು ವೋಲ್ಟೇಜ್ ಕೊಟ್ಟರೆ ಡಿಸ್ಕ್ ಸುಟ್ಟುಹೋಗುತ್ತದೆ. ಬೋರ್ಡ್ (ಮದರ್‌ಬೋರ್ಡ್) ಸುಟ್ಟರೆ ಇನ್ನೊಂದು ಹುಡುಕಬಹುದು, ಭಜನೆ ಪದ ಎಲ್ಲಿಂದ ತರೋದು?

ಬಿಚ್ಚುವಾಗ ಪ್ರತಿ ಕೇಬಲ್‌ನ ಫೋಟೋ ತೆಗೆದುಕೊಳ್ಳಿ. ಮೊಬೈಲ್ ಜೇಬಲ್ಲೇ ಇರುತ್ತದಲ್ಲ. ಮುಂದೆ ಜೋಡಿಸುವಾಗ ಆ ಫೋಟೋನೇ ದಾರಿ ತೋರಿಸುತ್ತದೆ.

ಗೋಡೆ, ವೈರು, ಹಿಂದಿನ ಸ್ವಿಚ್

ಸಾಕೆಟ್‌ನಲ್ಲಿ ಕರೆಂಟ್ ಇದೆಯಾ ಅಂತ ಟೇಬಲ್ ಫ್ಯಾನ್ ಹಾಕಿ ನೋಡಿದರೆ ಸಾಕು. ಆದರೆ ಅರ್ಥಿಂಗ್ ಇದೆಯಾ ಅನ್ನೋದು ಫ್ಯಾನ್‌ನಿಂದ ಗೊತ್ತಾಗಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಹಳದಿ ಮಲ್ಟಿಮೀಟರ್ ಈ ಇಡೀ ಕೆಲಸಕ್ಕೆ ಸಾಕಾಗುತ್ತದೆ. ಅದನ್ನು ಎಸಿಯ ದೊಡ್ಡ ರೇಂಜ್‌ಗೆ ತಿರುಗಿಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು ಬರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್. ಅರ್ಥ್ ಇಲ್ಲದ ಸಾಕೆಟ್‌ಗೆ ಹಾಕಿದ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದೆ, ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸೋರುವ ಸ್ವಲ್ಪ ಕರೆಂಟನ್ನು ಅರ್ಥ್‌ಗೇ ಬಿಡುವಂತೆ ಕಟ್ಟಿರುತ್ತಾರೆ, ಅದಕ್ಕೆ ಹೋಗೋ ದಾರಿ ಇಲ್ಲದಿದ್ದರೆ ಡಬ್ಬಿಯಲ್ಲೇ ನಿಲ್ಲುತ್ತದೆ. ಹಳೇ ಮನೆಗಳಲ್ಲಿ ಇದು ಸಾಮಾನ್ಯ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಸರಿ ಮಾಡಿಸಿಯೇ ಮುಂದಿನ ಕೆಲಸ.

ಪವರ್ ಕೇಬಲ್ ಬೇರೆಯದು ಹಾಕಿ ನೋಡಿ. ಇಲಿ ಕಚ್ಚಿದ ಗುರುತು, ಪಿನ್ ಕಪ್ಪಾಗಿರುವುದು, ಬಗ್ಗಿಸಿದರೆ ಮೇಲಿನ ರಬ್ಬರ್ ಬಿರಿಯುವುದು, ಇವುಗಳಲ್ಲಿ ಯಾವುದಿದ್ದರೂ ಆ ಕೇಬಲ್ ಎಸೆಯಿರಿ.

ಆಮೇಲೆ ಕ್ಯಾಬಿನೆಟ್ ಹಿಂಭಾಗ. ಎಸ್‌ಎಂಪಿಎಸ್ ಮೇಲೆ ಒಂದು ಕಪ್ಪು ಸ್ವಿಚ್ ಇರಬಹುದು, ಅದು ಆಫ್ ಆಗಿದ್ದರೆ ಮುಂದಿನ ಬಟನ್ ಎಷ್ಟು ಒತ್ತಿದರೂ ಏನೂ ಆಗಲ್ಲ. ಅದರ ಪಕ್ಕದಲ್ಲೇ ಚಿಕ್ಕ ಕೆಂಪು ಸ್ವಿಚ್ ಇದ್ದರೆ ಕಣ್ಣಿಟ್ಟು ನೋಡಿ. ಒಂದು ಕಡೆ 115, ಇನ್ನೊಂದು ಕಡೆ 230 ಅಂತ ಬರೆದಿರುತ್ತದೆ. ನಮ್ಮಲ್ಲಿ ಅದು 230ರಲ್ಲೇ ಇರಬೇಕು. ಮಕ್ಕಳು ಆಡುತ್ತಾ 115ಕ್ಕೆ ತಳ್ಳಿಟ್ಟಿದ್ದರೆ, ಪ್ಲಗ್ ಹಾಕಿದ ಕ್ಷಣವೇ ಢಂ ಅಂತ ಸದ್ದಾಗಿ ಎಸ್‌ಎಂಪಿಎಸ್ ಹೋಗುತ್ತದೆ.

ಒಳಗೆ ಕಣ್ಣಾಡಿಸಿ

ಡಬ್ಬಿ ಬಿಚ್ಚಿದಾಗ ಏನು ಕಾಣುತ್ತದೆ ಅನ್ನೋದು ಅದು ಯಾವ ಊರಲ್ಲಿತ್ತು ಅನ್ನೋದರ ಮೇಲೆ ಹೋಗುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ಧೂಳು ಮತ್ತು ಬಿಸಿಲು. ಎರೆ ಮಣ್ಣಿನ ಸಣ್ಣ ಧೂಳು ಫ್ಯಾನಿನ ರೆಕ್ಕೆ ಮೇಲೆ, ಹೀಟ್‌ಸಿಂಕ್ ಸಂದಿಯಲ್ಲಿ ಕಂಬಳಿ ಥರ ಕೂತಿರುತ್ತದೆ. ಬೆಳಗಾವಿಯಲ್ಲಿ ಮಳೆಗಾಲ ಉದ್ದ, ತೇವ ಜಾಸ್ತಿ. ಅಲ್ಲಿಯ ಮಷಿನ್‌ಗಳಲ್ಲಿ ನಾನು ನೋಡಿದ್ದು ಸ್ಕ್ರೂಗೆ ತುಕ್ಕು, ರ‍್ಯಾಮ್ ಮತ್ತು ಕಾರ್ಡ್‌ಗಳ ಪಿನ್ನು ಮಂಕಾಗಿರುವುದು. ಎರಡೂ ಕಡೆ ಹಲ್ಲಿ, ಇರುವೆ, ಜಿರಳೆ ಮಾತ್ರ ಸಮಾನ. ಎಸ್‌ಎಂಪಿಎಸ್ ಒಳಗೆ ಹಲ್ಲಿ ಹೊಕ್ಕು ಶಾರ್ಟ್ ಆಗುವುದು ಅಪರೂಪವೇನಲ್ಲ.

ಧೂಳು ತೆಗೆಯಲು ಅಂಗಳಕ್ಕೆ ಒಯ್ಯಿರಿ. ಮೆತ್ತನೆ ಬ್ರಷ್ ಮತ್ತು ಬ್ಲೋವರ್ ಸಾಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ, ಗಾಳಿಗೆ ಅದು ವೇಗವಾಗಿ ಸುತ್ತಿದರೆ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ.

ಈಗ ಬೋರ್ಡ್ ಮೇಲೆ ಟಾರ್ಚ್ ಹಾಕಿ. ಪ್ರೊಸೆಸರ್ ಸುತ್ತ ನಿಂತಿರುವ ಸಣ್ಣ ಸಿಲಿಂಡರ್‌ಗಳೇ ಕೆಪಾಸಿಟರ್. ಅವುಗಳ ತಲೆ ಚಪ್ಪಟೆ ಇರಬೇಕು. ಉಬ್ಬಿದ್ದರೆ, ತಲೆಯ ಗೀಟಿನಿಂದ ಕಂದು ಬಣ್ಣದ ಅಂಟು ಹೊರಬಂದಿದ್ದರೆ, ಬುಡದಲ್ಲಿ ಒಣಗಿದ ಕಲೆ ಇದ್ದರೆ ಅದು ಸತ್ತಿದೆ. ಸುಮಾರು 1999ರಿಂದ 2007ರವರೆಗಿನ ಬೋರ್ಡ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಆ ಕಾಲದಲ್ಲಿ ಕಳಪೆ ದ್ರಾವಣ ತುಂಬಿದ ಕೆಪಾಸಿಟರ್‌ಗಳು ಜಗತ್ತಿನ ತುಂಬ ಹಲವು ಕಂಪನಿಗಳ ಬೋರ್ಡ್‌ಗೆ ಹೋದವು. ಜೊತೆಗೆ ನಮ್ಮ ಕಡೆಯ ಸೆಕೆ. ಬಿಸಿ 10 ಡಿಗ್ರಿ ಏರಿದರೆ ಕೆಪಾಸಿಟರ್ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅಂತ ಎಲೆಕ್ಟ್ರಾನಿಕ್ಸ್‌ನವರು ಲೆಕ್ಕ ಹಾಕುತ್ತಾರೆ. ತಗಡಿನ ಕೆಳಗೆ ಏಪ್ರಿಲ್ ತಿಂಗಳು ಹೇಗಿರುತ್ತದೆ ನಿಮಗೇ ಗೊತ್ತು.

ಬದಲಿಸುವುದಾದರೆ ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಜಾಸ್ತಿ ವೋಲ್ಟ್, ಮೈಮೇಲೆ 105 ಡಿಗ್ರಿ ಅಂತ ಬರೆದಿರುವ ಲೋ ಇಎಸ್‌ಆರ್ (ಒಳಗಿನ ರೋಧ ಕಡಿಮೆ ಇರುವ) ಜಾತಿಯದು ತನ್ನಿ. ಪ್ಲಸ್ ಮೈನಸ್ ತಿರುಗಿಸಿ ಹಾಕಬಾರದು. ಬೆಸುಗೆ ಅಭ್ಯಾಸ ಇಲ್ಲದಿದ್ದರೆ ಬೋರ್ಡನ್ನೇ ಟಿವಿ ರಿಪೇರಿ ಮಾಡುವವರ ಹತ್ತಿರ ಒಯ್ಯಿರಿ. ಹಳೇ ಪಿಕ್ಚರ್ ಟ್ಯೂಬ್ ಟಿವಿ ರಿಪೇರಿ ಮಾಡಿದ ಕೈಗೆ ಇದು ಗೊತ್ತಿರುವ ಕೆಲಸ.

ನಿಮ್ಮದು ಇನ್ನೂ ಹಳೆಯದು, 386 ಅಥವಾ 486 ಆಗಿದ್ದರೆ ಬೋರ್ಡ್ ಮೇಲೆ ಸಣ್ಣ ಪೀಪಾಯಿ ಆಕಾರದ 3.6 ವೋಲ್ಟ್ ಬ್ಯಾಟರಿ ಇರುತ್ತದೆ, ಹೆಚ್ಚಾಗಿ ನೀಲಿ ಬಣ್ಣ. ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದಿರುತ್ತದೆ, ಹಸಿರು ಪುಡಿ ಕಾಣುತ್ತದೆ. ಕತ್ತರಿಸಿ ತೆಗೆಯಿರಿ. ಸೋರಿದ್ದು ಕ್ಷಾರ, ಹಾಗಾಗಿ ಹತ್ತಿಯಲ್ಲಿ ಸ್ವಲ್ಪ ಬಿಳಿ ವಿನೆಗರ್ ಹಚ್ಚಿ ಒರೆಸಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು ಪೂರ್ತಿ ಒಣಗಿಸಿ.

ಎಸ್‌ಎಂಪಿಎಸ್ ಒಂದನ್ನೇ ಎಬ್ಬಿಸಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಆನ್ ಆಗದ ಹಳೇ ಕಂಪ್ಯೂಟರ್‌ಗಳಲ್ಲಿ ನಾನು ಮೊದಲು ಅನುಮಾನ ಪಡುವುದು ಎಸ್‌ಎಂಪಿಎಸ್ ಮೇಲೆಯೇ. ಅದರಿಂದ ಬೋರ್ಡ್‌ಗೆ, ಡ್ರೈವ್‌ಗಳಿಗೆ ಹೋಗುವ ಎಲ್ಲ ಕನೆಕ್ಟರ್ ಬಿಡಿಸಿ. ಅದು ಒಂಟಿಯಾಗಿ ನಿಲ್ಲಬೇಕು.

ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ 325 ವೋಲ್ಟ್‌ವರೆಗೆ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ನಿಂತಿರಬಹುದು. ಇದರಲ್ಲಿ ಪಳಗಿದವರು ಮಾತ್ರ ಕೈ ಹಾಕಬೇಕು. ನೀವು ಹೊರಗಿನಿಂದ ಜಾಲರಿಯಲ್ಲಿ ಟಾರ್ಚ್ ಬಿಟ್ಟು ನೋಡಿ, ಮೂಗಿಟ್ಟು ನೋಡಿ. ಸುಟ್ಟ ವಾಸನೆ ಅಥವಾ ಮೀನಿನಂಥ ವಾಸನೆ ಬಂದರೆ ಒಳಗೆ ಏನೋ ಸೋರಿದೆ ಅಂತ ಅರ್ಥ.

ಮೊದಲ ಸಲ ಕರೆಂಟ್ ಕೊಡುವಾಗ ಸೀರೀಸ್ ಬೋರ್ಡ್ ಮೂಲಕ ಕೊಡಿ. ಇದು ಪ್ರತಿ ಮೋಟರ್ ವೈಂಡಿಂಗ್ ಅಂಗಡಿಯಲ್ಲೂ ಇರುತ್ತದೆ, ಪಂಪ್‌ಸೆಟ್ ಮೋಟರ್ ಪರೀಕ್ಷೆ ಮಾಡುವುದೇ ಅದರಲ್ಲಿ. ಫೇಸ್ ವೈರಿನ ದಾರಿಯಲ್ಲಿ ಒಂದು 100 ವ್ಯಾಟ್‌ನ ಹಳೇ ತಂತಿ ಬಲ್ಬ್ ಇರುತ್ತದೆ. ಎಲ್‌ಇಡಿ ಬಲ್ಬ್ ಆಗಲ್ಲ, ತಂತಿ ಕಾಯುವ ಬಲ್ಬೇ ಬೇಕು. ಪ್ಲಗ್ ಹಾಕಿದಾಗ ಬಲ್ಬ್ ಒಮ್ಮೆ ಮಿಂಚಿ ನಂದಿದರೆ ಅಥವಾ ಮಂಕಾದರೆ ಒಳ್ಳೆಯದು. ಪೂರ್ತಿ ಬೆಳಗುತ್ತಾ ನಿಂತರೆ ಒಳಗೆ ಶಾರ್ಟ್ ಇದೆ, ಆದರೆ ಬಲ್ಬ್ ಅಡ್ಡ ಇರುವುದರಿಂದ ಢಂ ಅನ್ನಲ್ಲ. ಅಷ್ಟು ಗೊತ್ತಾದರೆ ಪ್ಲಗ್ ತೆಗೆದು ರಿಪೇರಿಯವರಿಗೆ ಕೊಡಿ. ಬಲ್ಬ್ ನಂದಿದರೆ ಮುಂದಿನ ಅಳತೆಗಳನ್ನು ನೇರ ಸಾಕೆಟ್‌ನಲ್ಲಿ ಮಾಡಿ, ಬಲ್ಬ್ ಅಡ್ಡ ಇದ್ದರೆ ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ.

ಈಗ 20 ಪಿನ್ನಿನ ದೊಡ್ಡ ಕನೆಕ್ಟರ್ ಹಿಡಿಯಿರಿ. ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ. ಕಪ್ಪು ಕಡ್ಡಿ ಯಾವುದಾದರೂ ಕಪ್ಪು ವೈರಿಗೆ, ಕೆಂಪು ಕಡ್ಡಿ ನೇರಳೆ ವೈರಿಗೆ. ಸಾಕೆಟ್ ಸ್ವಿಚ್ ಹಾಕಿದ ಮೇಲೆ, ಇನ್ನೂ ಏನೂ ಆನ್ ಮಾಡದೆಯೇ, ಅಲ್ಲಿ 5 ವೋಲ್ಟ್ ಇರಬೇಕು. ಇದು ಸ್ಟ್ಯಾಂಡ್‌ಬೈ ಕರೆಂಟ್, ಮುಂದಿನ ಬಟನ್ ಕೆಲಸ ಮಾಡುವುದೇ ಇದರ ಬಲದ ಮೇಲೆ. ಕಾಕಾನ ಮಷಿನ್‌ನಲ್ಲಿ ಇಲ್ಲಿ 3.9 ಬಂತು. ದೋಷ ಸಿಕ್ಕಿದ್ದು ಇಲ್ಲೇ. ಬೋರ್ಡ್, ಪ್ರೊಸೆಸರ್ ಎಲ್ಲ ಸರಿ ಇದ್ದು, ಎಬ್ಬಿಸಲು ಬೇಕಾದ ಆ 5 ವೋಲ್ಟೇ ಇರಲಿಲ್ಲ.

ನೇರಳೆಯಲ್ಲಿ 5 ಇದ್ದರೆ ಮುಂದಕ್ಕೆ ಹೋಗಿ. ಸಾಕೆಟ್ ಸ್ವಿಚ್ ಆಫ್ ಮಾಡಿ, ಹಸಿರು ವೈರಿನ ತೂತಿಗೂ ಪಕ್ಕದ ಕಪ್ಪು ವೈರಿನ ತೂತಿಗೂ ಒಂದು ತುಂಡು ವೈರ್ ಸಿಕ್ಕಿಸಿ. ಹಸಿರು ಒಂದೇ ಇರುತ್ತದೆ. ಕೆಲವು ಎಸ್‌ಎಂಪಿಎಸ್ ಸ್ವಲ್ಪವೂ ಲೋಡ್ ಇಲ್ಲದೆ ಏಳುವುದಿಲ್ಲ, ಆದ್ದರಿಂದ ಹೋದರೂ ಪರವಾಗಿಲ್ಲ ಅನ್ನುವಂಥ ಹಳೇ ಸಿಡಿ ಡ್ರೈವ್ ಒಂದನ್ನು ತಗುಲಿಸಿಡಿ. ಸ್ವಿಚ್ ಹಾಕಿ. ಫ್ಯಾನ್ ತಿರುಗಿತೇ? ಅಳೆಯಿರಿ. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್ ಒಳಗಿರಬೇಕು. ಬೂದು ಬಣ್ಣದ ವೈರಿನಲ್ಲೂ 5 ಹತ್ತಿರ ಬರಬೇಕು, ಎಲ್ಲ ಸರಿ ಇದೆ ಅಂತ ಬೋರ್ಡ್‌ಗೆ ಹೇಳುವ ವೈರ್ ಅದು. ಇವುಗಳಲ್ಲಿ ಒಂದು ತಪ್ಪಿದರೂ ಆ ಎಸ್‌ಎಂಪಿಎಸ್ ಅನ್ನು ಬೋರ್ಡ್‌ಗೆ ಜೋಡಿಸಬೇಡಿ.

ಈ ಹಸಿರು ವೈರಿನ ಮಾತು ಎಟಿಎಕ್ಸ್ ಅನ್ನುವ ವಿನ್ಯಾಸದ ಮಷಿನ್‌ಗಳಿಗೆ ಮಾತ್ರ. ಇಂಟೆಲ್ ಆ ವಿನ್ಯಾಸ ತಂದಿದ್ದು 1995ರಲ್ಲಿ. ಅದಕ್ಕಿಂತ ಹಿಂದಿನ ಎಟಿ ಮಷಿನ್‌ಗಳಲ್ಲಿ ಮುಂದಿನ ಬಟನ್‌ಗೇ ನೇರವಾಗಿ 230 ವೋಲ್ಟ್ ಬರುತ್ತದೆ, ದಪ್ಪ ವೈರ್ ನೋಡಿದರೆ ಗೊತ್ತಾಗುತ್ತದೆ. ಪ್ಲಗ್ ಇರುವಾಗ ಆ ಬಟನ್ ಹಿಂಭಾಗ ಮುಟ್ಟಬಾರದು. ಅವುಗಳ ಬೋರ್ಡ್ ಕನೆಕ್ಟರ್ ಎರಡು ತುಂಡಾಗಿರುತ್ತದೆ, ಜೋಡಿಸುವಾಗ ಎರಡರ ಕಪ್ಪು ವೈರ್‌ಗಳು ನಡುವೆ ಒಂದಕ್ಕೊಂದು ತಾಗಿ ಬರಬೇಕು. ಉಲ್ಟಾ ಹಾಕಿದರೆ ಬೋರ್ಡ್ ಹೋದಂತೆಯೇ.

ರಿಪೇರಿಯೋ, ಹೊಸದೋ?

ನನ್ನ ಕೇಳಿದರೆ ಮೊದಲು ರಿಪೇರಿ. ಕಾಕಾನ ಎಸ್‌ಎಂಪಿಎಸ್ ಅನ್ನು ಟಿವಿ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ಕೊಟ್ಟೆವು. ಸ್ಟ್ಯಾಂಡ್‌ಬೈ ಭಾಗದಲ್ಲಿ ಎರಡು ಸಣ್ಣ ಕೆಪಾಸಿಟರ್ ಒಣಗಿದ್ದವು, ಬದಲಿಸಿದರು, ನೇರಳೆಯಲ್ಲಿ 5.06 ಬಂತು.

ಹೊಸದು ಹಾಕುವುದಾದರೆ ಎರಡು ವಿಷಯ ನೋಡಿ. ಈಗಿನ ಎಸ್‌ಎಂಪಿಎಸ್ ಕನೆಕ್ಟರ್ 24 ಪಿನ್ನಿನದು, ಅದರಲ್ಲಿ 4 ಪಿನ್ ಬೇರೆಯಾಗಿ ಬಿಡಿಸಲು ಬರುವಂಥದ್ದು ತಗೊಳ್ಳಿ. ಇನ್ನೊಂದು ಹೆಚ್ಚು ಜನ ಗಮನಿಸದ್ದು. ಪೆಂಟಿಯಂ 3 ಕಾಲದ ಬೋರ್ಡ್‌ಗಳು ಪ್ರೊಸೆಸರ್‌ಗೆ ಕರೆಂಟ್ ತಗೊಳ್ಳೋದು ಹೆಚ್ಚಾಗಿ 5 ವೋಲ್ಟ್ ವೈರಿನಿಂದ, ಈಗಿನವು 12ರಿಂದ, ಹಾಗಾಗಿ ಹೊಸ ಎಸ್‌ಎಂಪಿಎಸ್ ಮೇಲೆ ಎಷ್ಟೇ ದೊಡ್ಡ ವ್ಯಾಟ್ ಬರೆದಿದ್ದರೂ 5 ವೋಲ್ಟ್‌ನಲ್ಲಿ ಅದು ಕೊಡುವ ಆಂಪಿಯರ್ ಕಡಿಮೆ ಇರಬಹುದು. ಲೇಬಲ್ ಓದಿ, 5 ವೋಲ್ಟ್‌ಗೆ 20 ಆಂಪಿಯರ್ ಆದರೂ ಇರಲಿ. ಮತ್ತೆ, 1990ರ ದಶಕದ ಕೊನೆಯ ಕೆಲವು ಡೆಲ್ ಡೆಸ್ಕ್‌ಟಾಪ್‌ಗಳಲ್ಲಿ ಕನೆಕ್ಟರ್ ನೋಡಲು ಒಂದೇ ಥರ ಇದ್ದರೂ ಒಳಗಿನ ವೈರ್ ಕ್ರಮವೇ ಬೇರೆ. ಹಳೆಯದರ ಬಣ್ಣದ ಸಾಲನ್ನು ಹೊಸದರ ಜೊತೆ ಹೋಲಿಸದೆ ಹಾಕಬೇಡಿ.

ಬೋರ್ಡ್ ಎಬ್ಬಿಸುವುದು

ಕ್ಯಾಬಿನೆಟ್‌ನ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೊಳ್ಳಿ. ಬೋರ್ಡ್ ಮೇಲೆ ಪ್ರೊಸೆಸರ್, ಅದರ ಫ್ಯಾನ್, ಒಂದೇ ರ‍್ಯಾಮ್, ಡಿಸ್ಪ್ಲೇ ಕಾರ್ಡ್, ಸ್ಪೀಕರ್ ಇಷ್ಟೇ ಇರಲಿ. ಮೋಡೆಮ್, ಸೌಂಡ್ ಕಾರ್ಡ್, ಫ್ಲಾಪಿ ಎಲ್ಲ ಹೊರಗೆ. ರ‍್ಯಾಮ್ ಮತ್ತು ಕಾರ್ಡ್‌ನ ಪಿನ್ನುಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಪೂರ್ತಿ ಒರೆಸಿ, ಕಟ್ ಅನ್ನುವವರೆಗೆ ಒತ್ತಿ ಕೂರಿಸಿ. ಬಿಲ್ಲೆ ಬ್ಯಾಟರಿ, ಅಂದರೆ ಸಿಆರ್ 2032, ಹೊಸದು ಹಾಕಿ. ಅದು 3 ವೋಲ್ಟ್‌ದು. ಸತ್ತ ಬ್ಯಾಟರಿ ಇದ್ದರೆ ಕೆಲವು ಬೋರ್ಡ್ ಏಳುವುದೇ ಇಲ್ಲ.

ಈಗ ಬಟನ್ ಒತ್ತಿ. ಏನೂ ಆಗದಿದ್ದರೆ ಬಟನ್ನೇ ಕೆಟ್ಟಿರಬಹುದು. ಅದರ ಎರಡು ವೈರ್ ಬಂದು ಸೇರುವ ಬೋರ್ಡಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಎಟಿಎಕ್ಸ್‌ನಲ್ಲಿ ಅಲ್ಲಿ ಇರೋದು ಕಡಿಮೆ ವೋಲ್ಟೇಜ್, ಭಯವಿಲ್ಲ. ಹೀಗೆ ಎದ್ದರೆ ರೀಸೆಟ್ ಬಟನ್ ವೈರನ್ನೇ ಆ ಪಿನ್ನಿಗೆ ಹಾಕಿಬಿಡಿ, ಕೆಲಸ ಮುಗಿಯಿತು.

ಫ್ಯಾನ್ ಒಮ್ಮೆ ಅಲುಗಿ ನಿಂತರೆ ಎಲ್ಲೋ ಶಾರ್ಟ್ ಇದೆ, ಎಸ್‌ಎಂಪಿಎಸ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ. ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರಗೆ ತೆಗೆದು ಒಣ ರಟ್ಟಿನ ಮೇಲಿಟ್ಟು ನೋಡಿ. ಹೊರಗೆ ಎದ್ದು ಒಳಗೆ ಏಳದಿದ್ದರೆ ಬೋರ್ಡ್ ಅಡಿಯಲ್ಲಿ ಬಿದ್ದ ಸ್ಕ್ರೂ ಅಥವಾ ತಪ್ಪು ಜಾಗದ ಹಿತ್ತಾಳೆ ಕಂಬ ತಾಗುತ್ತಿದೆ.

ಫ್ಯಾನ್ ತಿರುಗಿ ಪರದೆ ಕಪ್ಪಾಗಿದ್ದರೆ ಕಿವಿ ಕೊಡಿ. ನಮ್ಮಲ್ಲಿ ಬೀಪ್ ಬೀಪ್ ಅಂತ ನಿಲ್ಲದೆ ಬಂತು, ಅವಾರ್ಡ್ ಕಂಪನಿಯ ಬಯಾಸ್‌ನಲ್ಲಿ (ಆನ್ ಆದ ಕೂಡಲೇ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಅದು ಹೆಚ್ಚಾಗಿ ರ‍್ಯಾಮ್‌ನ ದೂರು. ಇನ್ನೊಮ್ಮೆ ರಬ್ಬರ್ ಉಜ್ಜಿ ಪಕ್ಕದ ಸ್ಲಾಟ್‌ಗೆ ಹಾಕಿದೆವು, ನಿಂತಿತು. ಒಂದು ಉದ್ದ ಎರಡು ಗಿಡ್ಡ ಬೀಪ್ ಬಂದರೆ ಡಿಸ್ಪ್ಲೇ ಕಾರ್ಡ್ ನೋಡಿ. ಪರದೆ ಬಂದಾಗ ತಾರೀಖು ತಪ್ಪಾಗಿದೆ, ಚೆಕ್‌ಸಮ್ ಎರರ್ ಅಂತ ತೋರಿಸಿದರೆ ಗಾಬರಿ ಬೇಡ, ಬ್ಯಾಟರಿ ಬದಲಿಸಿದ್ದಕ್ಕೆ ಅದು. ಸೆಟಪ್‌ಗೆ ಹೋಗಿ ತಾರೀಖು ಹಾಕಿ ಸೇವ್ ಮಾಡಿ.

ಕಪಾಟಿನಲ್ಲಿಟ್ಟ ಡಿಸ್ಕ್

ಅರ್ಧ ಗಂಟೆ ಮಷಿನ್ ಸುಮ್ಮನೆ ಓಡಲಿ, ವೋಲ್ಟೇಜ್ ಮತ್ತೆ ಅಳೆಯಿರಿ. ಎಲ್ಲ ಸರಿ ಇದ್ದರೂ ಡಿಸ್ಕನ್ನು ಮೊದಲು ಅದಕ್ಕೇ ಜೋಡಿಸಬೇಡಿ ಅಂತ ನನ್ನ ಸಲಹೆ. ಯುಎಸ್‌ಬಿಯಿಂದ ಐಡಿಇಗೆ (ಆ ಅಗಲ ಪಟ್ಟಿ ಕೇಬಲ್‌ ಹಾಕುವ ಕನೆಕ್ಟರ್) ಹೋಗುವ ಅಡಾಪ್ಟರ್ ಸಿಗುತ್ತದೆ, ಅದರ ಜೊತೆ ಬರುವ 12 ವೋಲ್ಟ್ ಚಾರ್ಜರ್ ಹಾಕಿ, ಡಿಸ್ಕಿನ ಜಂಪರ್ (ಪಿನ್ನುಗಳ ಮೇಲೆ ಸಿಕ್ಕಿಸುವ ಸಣ್ಣ ತುಂಡು) ಮಾಸ್ಟರ್‌ನಲ್ಲಿಟ್ಟು, ಈಗಿನ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿಕೊಳ್ಳಿ. ವಿಂಡೋಸ್ 98 ಇದ್ದರೆ ಪೆನ್‌ಡ್ರೈವ್ ಡ್ರೈವರ್ ಹುಡುಕುವ ಒದ್ದಾಟವೂ ತಪ್ಪುತ್ತದೆ. ಕಡತ ಎರಡು ಕಡೆ ಉಳಿದ ಮೇಲೆ ಡಿಸ್ಕ್ ಹಳೇ ಮನೆಗೆ ಹೋಗಲಿ.

ಕಾಪಿ ಮಾಡುವಾಗ ಫಾಂಟ್ ಫೋಲ್ಡರ್ ಮರೆಯಬೇಡಿ. ಆ ಕಾಲದಲ್ಲಿ ನುಡಿ, ಬರಹ, ಶ್ರೀಲಿಪಿಯಲ್ಲಿ ಟೈಪ್ ಮಾಡಿದ್ದು ಈಗಿನ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಕಡತ ಕೆಟ್ಟಿದೆ ಅಂದುಕೊಂಡು ಅಳಿಸಿದವರನ್ನು ನೋಡಿದ್ದೇನೆ. ಕೆಟ್ಟಿರುವುದಿಲ್ಲ. ಅದೇ ಫಾಂಟ್ ಹಾಕಿದರೆ ಕನ್ನಡ ಕಾಣುತ್ತದೆ, ಆಮೇಲೆ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿಕೊಳ್ಳಬಹುದು. ಒತ್ತಕ್ಷರ, ಅರ್ಕಾವತ್ತು ಕೆಲವು ಕಡೆ ಸ್ಥಳ ಬಿಟ್ಟು ಕೂರುತ್ತವೆ, ಅದನ್ನು ಕಣ್ಣಲ್ಲೇ ಓದಿ ತಿದ್ದಬೇಕು. ಕಾಕಾನ ಕಡತದಲ್ಲಿ 112 ಪದ ಇದ್ದವು. ದಿನಾ ರಾತ್ರಿ ಊಟ ಆದ ಮೇಲೆ ಅವರು ಹಾಡಿ ತೋರಿಸುತ್ತಾರೆ, ನಾನು ತಿದ್ದುತ್ತೇನೆ. ಇವತ್ತಿಗೆ 40 ಆಗಿವೆ.